ಮಣೆಯ ಕೆಳಗಿನ ಗುಂಯ್

ಮನುಷ್ಯರನ್ನು ನಾನು ಅವರ ಅಡಾಪ್ಟರಿನಿಂದ ಅಳೆಯುತ್ತೇನೆ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು, ಬಿಡುವ ಇರಾದೆ ಮಾತ್ರ ಇಲ್ಲ.

ವಿದ್ಯುತ್ ಗಿಟಾರು ನುಡಿಸುವವನ ಕಾಲಬುಡದಲ್ಲಿ ಪೆಡಲ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ. ಒಂದನ್ನು ಮೆಟ್ಟಿದರೆ ದನಿ ಗೊಗ್ಗರಾಗುತ್ತದೆ, ಇನ್ನೊಂದನ್ನು ಮೆಟ್ಟಿದರೆ ಬಾವಿಯೊಳಗಿಂದ ಬಂದಂತಾಗುತ್ತದೆ, ‘ವಾಹ್’ ಎಂಬ ಮತ್ತೊಂದು ರಚ್ಚೆ ಹಿಡಿದ ಕೂಸಿನಂತೆ ಅಳುತ್ತದೆ. ಇವನ್ನು ಜೋಡಿಸಿಡುವ ಹಲಗೆಯೇ ಪೆಡಲ್‌ಬೋರ್ಡ್. ಊಟದ ಮಣೆಗಿಂತ ತುಸು ದೊಡ್ಡದು, ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಮಣೆ ಎಂದೇ ಹೆಸರು. ಪ್ರತಿ ಡಬ್ಬಿಗೂ ಒಂಬತ್ತು ವೋಲ್ಟ್ ಕರೆಂಟು ಬೇಕು. ಅದನ್ನು ಎಲ್ಲಿಂದ ಕೊಡುವುದೆಂಬ ಪ್ರಶ್ನೆಯಲ್ಲಿ ಮನುಕುಲ ಎರಡಾಗಿ ಒಡೆದಿದೆ.

ಮೊದಲನೆಯ ಪಂಗಡ ನಮ್ಮ ಕಾಶಿಯ ಅಸ್ಸಿ ಘಾಟಿನಲ್ಲಿ ಸಿಗುತ್ತದೆ. ಚಹಾದಂಗಡಿಯ ಮುಂದೆ, ಜಡೆ ಬಿಟ್ಟು, ಬರಿಗಾಲಲ್ಲಿ. ಒಂದೇ ಅಡಾಪ್ಟರಿಗೆ ಕವಲೊಡೆದ ಒಂದೇ ತಂತಿ, ಅದಕ್ಕೆ ಸಾಲಾಗಿ ಐದು ಪೆಡಲು. ಒಂದರ ಗಲಾಟೆ ಎಲ್ಲದರ ಹೊಟ್ಟೆ ಸೇರಿ, ಸ್ಪೀಕರಿನಿಂದ ಜೇನುಹುಟ್ಟು ಕೆದಕಿದ ಸದ್ದು ಬರುತ್ತದೆ. ಕೇಳಿದರೆ, “ಸರ್, ವಹೀ ತೋ ವೈಬ್ ಹೈ” ಎನ್ನುತ್ತಾರೆ, ಅದೇ ಅದರ ಸೊಗಸಂತೆ. ಸೋಮಾರಿತನಕ್ಕೆ ಇಷ್ಟು ಚೆಂದದ ಹೆಸರಿಟ್ಟ ಪೀಳಿಗೆ ಹಿಂದೆ ಹುಟ್ಟಿರಲಾರದು.

ಎರಡನೆಯ ಪಂಗಡದಲ್ಲಿ ನಾನಿದ್ದೇನೆ. ಪ್ರತಿ ಪೆಡಲಿಗೂ ಬೇರೆ ಬೇರೆ ಕಿಂಡಿ, ಒಂದರ ಕರೆಂಟು ಇನ್ನೊಂದನ್ನು ಮುಟ್ಟಕೂಡದು. ನಮ್ಮಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿ ನಿಂತರೆ ಮೊಮ್ಮಕ್ಕಳು ಹೊಸ್ತಿಲಾಚೆ ಕೈಕಟ್ಟಿ ನಿಲ್ಲಬೇಕಿತ್ತು. ಆ ಮಡಿಯನ್ನು ಇಡೀ ಬಾಲ್ಯ ಗೇಲಿ ಮಾಡಿದ ನಾನು ಈಗ ಅದನ್ನೇ ಅಂಗಡಿಯಿಂದ ಕೊಂಡುತಂದು ಪವರ್ ಸಪ್ಲೈ ಎಂದು ಕರೆಯುತ್ತೇನೆ.

ಅದನ್ನು ಆರಿಸಲು ಗೋದೌಲಿಯಾ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿದೆ. ಒಬ್ಬ ಪಾನ್ ತುಂಬಿದ ಬಾಯನ್ನು ಆಕಾಶಕ್ಕೆತ್ತಿ, “ಲೇ ಜಾಇಯೇ ಪ್ರೊಫೆಸರ್ ಸಾಹಬ್, ಸಬ್ ಮೇ ಚಲೇಗಾ” ಎಂದ. ಎಲ್ಲಕ್ಕೂ ನಡೆಯುತ್ತದಂತೆ! ನಿಂತಲ್ಲೇ ಅವನಿಗೆ ಪಾಠ ಮಾಡಿದೆ: ಪೆಡಲಿನ ಪಿನ್ನಿನಲ್ಲಿ ನಡುವೆ ಋಣ, ಸುತ್ತ ಧನ, ಲೋಕದ ಉಳಿದ ಬಹುಪಾಲು ಉಪಕರಣಗಳಲ್ಲಿ ಇದು ತಿರುಗುಮುರುಗು, ಅದಲುಬದಲಾದರೆ ಉಪಕರಣ ಸತ್ತೇಹೋಗುತ್ತದೆ. ಅವನು ಬಗ್ಗಿ ಉಗುಳಿ ಬಂದು ಮುಂದಿನ ಗಿರಾಕಿಯನ್ನು ಮಾತನಾಡಿಸಿದ. ಕೊನೆಗೆ ಬೇಕಾದದ್ದನ್ನು ದೆಹಲಿಯಿಂದ ತರಿಸಿದೆ: ಎಂಟು ಕಿಂಡಿಗಳ, ಇಟ್ಟಿಗೆಯಷ್ಟು ಭಾರದ ಸಪ್ಲೈ.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹೇಳುವವನು ಎಂಬುದನ್ನು ಈಗಲೇ ತಿಳಿಸಿಬಿಡುತ್ತೇನೆ. ಮುಂದೆ ಗೊತ್ತಾದರೆ ನಿಮಗೆ ಇನ್ನೂ ನಗು ಬರುತ್ತದೆ.

ಇಷ್ಟೆಲ್ಲ ಹಟಕ್ಕೆ ಕಾರಣ ನನ್ನ ಹೆಂಡತಿ ಗಿರಿಜಾ. ಧಾರವಾಡದಲ್ಲಿ ಸಂಗೀತ ಕಲಿತವಳು, ಕಾಶಿಗೆ ಬಂದು ಮಕ್ಕಳ ಡಾಕ್ಟರಾದ ಮೇಲೆ ಹಾಡು ನಿಂತೇಹೋಗಿತ್ತು. ನಮ್ಮ ಕಡೆಯವರ ಮಠವೊಂದು ಇಲ್ಲಿದೆ. ವರ್ಷಕ್ಕೊಮ್ಮೆ ಊರಿನ ಕನ್ನಡದವರೆಲ್ಲ ಅಲ್ಲಿ ಸೇರುತ್ತಾರೆ, ಹಿರಿಯರು ಕನ್ನಡದಲ್ಲಿ ಕುಶಲ ಕೇಳುತ್ತಾರೆ, ಮಕ್ಕಳು ಹಿಂದಿಯಲ್ಲಿ ಜಗಳವಾಡುತ್ತಾರೆ. ಹೋದ ವರ್ಷ ಅವಳನ್ನು ಒಪ್ಪಿಸಿ ಹಾಡಿಸಿದೆ, ಗಿಟಾರಿನ ಸಾಥ್ ನನ್ನದು. ಮಣೆ ಗುಂಯ್ ಎಂದು ಗುಡುಗಿತು. ಅವಳು ಅರ್ಧಕ್ಕೇ ಎದ್ದು ಬಂದಳು. ಮರುದಿನವೇ ನಾನು ಹೊಸ ಸಪ್ಲೈ ಹುಡುಕಲು ಹೊರಟೆ.

ಈ ವರ್ಷ ಹೊರಡುವ ಮುಂಚೆ ಅವಳು ಹೇಳಿದಳು: “ನೋಡ್ರಿ, ಹ್ವಾದ ವರ್ಷ ನಾ ಹಾಡಿದ್ದು ಯಾರಿಗೂ ಕೇಳ್ಸಿಲ್ಲ, ನಿಮ್ಮ ಮಣಿ ಹಾಡಿದ್ದಷ್ಟ ಕೇಳ್ಸ್ಯದ. ಈ ಸಲಾನೂ ಹಂಗ ಆತಂದ್ರ ಮುಗೀತು, ಮತ್ತ ನಾ ಹಾಡೂ ಮಾತ ಎತ್ತಂಗಿಲ್ಲ.”

“ಈ ಸಲ ಸೂಜಿ ಬಿದ್ದರೂ ಕೇಳಿಸುತ್ತದೆ” ಎಂದೆ. ಸಪ್ಲೈಯನ್ನು ಮಣೆಯ ಅಡಿಗೆ ಕಬ್ಬಿಣದ ಪಟ್ಟಿ, ಬೋಲ್ಟು, ಸಾಲದ್ದಕ್ಕೆ ಅಂಟು ಹಾಕಿ ಕೂರಿಸಿದ್ದೆ. ಅಸ್ಸಿಯ ಹುಡುಗರು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿ ಜೋತುಬಿಡುತ್ತಾರೆ. ನನ್ನದು ಭೂಕಂಪವಾದರೂ ಅಲುಗದು.

ಮಠದ ಸಭಾಂಗಣದ ವೇದಿಕೆಯಲ್ಲಿ ಖಾಲಿ ಇದ್ದದ್ದು ಒಂದೇ ಪ್ಲಗ್ಗು. ಗಿರಿಜಾಳ ಕೈಯಲ್ಲಿ ಅವಳ ಪುಟ್ಟ ಶ್ರುತಿಪೆಟ್ಟಿಗೆ, ಅದರ ಅಡಾಪ್ಟರು. ನನಗೆ ಔದಾರ್ಯ ಉಕ್ಕಿತು. ನನ್ನ ಸಪ್ಲೈಯಲ್ಲಿ ಒಂದು ಕಿಂಡಿ ಖಾಲಿ ಇತ್ತಲ್ಲ! “ಕೊಡು ಇಲ್ಲಿ” ಎಂದು ಶ್ರುತಿಪೆಟ್ಟಿಗೆಯನ್ನು ಅದಕ್ಕೇ ಚುಚ್ಚಿದೆ. ಪೆಟ್ಟಿಗೆ ಟಪ್ ಎಂದಿತು. ಸುಟ್ಟ ವಾಸನೆ ಬಂತು. ನಡುವೆ ಋಣ, ಸುತ್ತ ಧನ. ಗೋದೌಲಿಯಾದ ಪಾನಿನವನಿಗೆ ಮಾಡಿದ ಪಾಠದ ಒಬ್ಬನೇ ವಿದ್ಯಾರ್ಥಿ ನಾನಾಗಬೇಕಿತ್ತು. ನಾನೂ ತರಗತಿಗೆ ಚಕ್ಕರ್ ಹೊಡೆದಿದ್ದೆ.

ಗಾಬರಿಯಲ್ಲಿ ಮಠದ ದೊಡ್ಡ ಸ್ಪೀಕರು ಚಾಲೂ ಮಾಡಿದೆ. ಗುಂಯ್.

ಅದೇ ಗುಂಯ್. ಮನೆಯಲ್ಲಿ ನೆರೆಯವರ ಭಯಕ್ಕೆ ದನಿ ತಗ್ಗಿಸಿ ನುಡಿಸುತ್ತಿದ್ದುದರಿಂದ ಕೇಳಿಸಿರಲಿಲ್ಲ, ಅಷ್ಟೆ. ಕೂತಲ್ಲೇ ಹೊಳೆಯಿತು. ವಾಹ್ ಪೆಡಲಿನೊಳಗೆ ತಂತಿಯ ಒಂದು ಸುರುಳಿ ಇರುತ್ತದೆ, ಸಪ್ಲೈಯೊಳಗೆ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರಿನ ಪಕ್ಕ ಸುರುಳಿ ಇಟ್ಟರೆ ಸುರುಳಿ ಅದರ ಗುಂಯ್ ಅನ್ನು ಹೀರಿಕೊಳ್ಳುತ್ತದೆ. ಇದನ್ನು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತೇನೆ. ನಾನೇ ಸಪ್ಲೈಯನ್ನು ವಾಹ್ ಪೆಡಲಿನ ನೇರ ಕೆಳಗೆ, ಭೂಕಂಪಕ್ಕೂ ಅಲುಗದಂತೆ, ಬೋಲ್ಟು ಬಿಗಿದು ಕೂರಿಸಿದ್ದೆ. ಜೋತುಬಿಟ್ಟಿದ್ದರೆ ಈಚೆಗೆ ಎಳೆಯಬಹುದಿತ್ತು.

ಮುಂದಿನ ಸಾಲಿನಲ್ಲಿ ಸ್ವಾಮಿಗಳು ಕೂತಿದ್ದರು. ಸಭೆ ಕಾಯುತ್ತಿತ್ತು. ಗಿರಿಜಾ ಎದ್ದು ಹೋಗುತ್ತಾಳೆಂದು ನನಗೆ ಖಾತ್ರಿಯಾಗಿತ್ತು. ಮೊಬೈಲಿನಲ್ಲಾದರೂ ತಂಬೂರಿ ಹಚ್ಚೋಣವೆಂದು ಜೇಬಿಗೆ ಕೈ ಹಾಕಿ, ಸ್ಪೀಕರ್ ಆರಿಸಲು ಬಗ್ಗಿದೆ. ಅವಳು ನನ್ನ ತೋಳು ಹಿಡಿದಳು.

“ತಡೀರಿ, ಬಂದ್ ಮಾಡಬ್ಯಾಡ್ರಿ. ಇದು ನನ್ನ ಬಿಳಿ ಐದರ ಹತ್ರಾನ ಅದ.”

ಬಿಳಿ ಐದು ಎಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ, ಅವಳು ಯಾವಾಗಲೂ ಹಾಡುವ ಶ್ರುತಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ಕಂಪಿಸುತ್ತದೆ. ಆ ಗುಂಯ್ ನಿಲ್ಲುವುದು ಬಿಳಿ ಐದಕ್ಕಿಂತ ತುಸು ಮೇಲೆ. ಇದೂ ನನಗೆ ಲೆಕ್ಕದಲ್ಲಿ ಗೊತ್ತಿತ್ತು, ಕಿವಿಯಲ್ಲಿ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ಆ ಗುಂಯ್‌ಗೆ ಷಡ್ಜ ಸೇರಿಸಿದಳು. ಶಿವನ ಪದವೊಂದನ್ನು ಎತ್ತಿಕೊಂಡಳು. ನಾನು ಶ್ರುತಿ ನೋಡುವ ಟ್ಯೂನರಿನ ಕೆಂಪು ದೀಪದ ಆಕ್ಷೇಪಣೆಗಳನ್ನು ಲೆಕ್ಕಿಸದೆ, ಗಿಟಾರಿನ ಆರೂ ತಂತಿಗಳನ್ನು ತುಸುತುಸು ಏರಿಸಿ ಆ ದರಿದ್ರ ಗುಂಯ್‌ಗೆ ಶ್ರುತಿ ಮಾಡಿದೆ. ಅವಳು ಪೂರ್ತಿ ಹಾಡಿದಳು. ಜಗಳವಾಡುತ್ತಿದ್ದ ಮಕ್ಕಳೂ ಸುಮ್ಮನಾದವು.

ಹಾಡು ಮುಗಿದ ಮೇಲೆ ಸ್ವಾಮಿಗಳು ಕೇಳಿದರು: “ಛಲೋ ಹಾಡಿದ್ರಿ ತಾಯಿ. ತಂಬೂರಿ ಎಲ್ಲಿ ಇಟ್ಟೀರಿ, ಕಾಣಂಗಿಲ್ಲಲ್ಲ?”

ಗಿರಿಜಾ ನನ್ನತ್ತ ಕೈ ತೋರಿದಳು. “ಮಣಿ ಕೆಳಗ ಅದ ಬುದ್ಧಿ. ಅಲುಗಾಡದಂಗ ಕೂರ್ಸ್ಯಾರ ಇವರು.”

ಅಸ್ಸಿಯ ಹುಡುಗರನ್ನು ನಾನು ಈಗಲೂ ತಿರಸ್ಕಾರದಿಂದಲೇ ನೋಡುತ್ತೇನೆ, ಇಷ್ಟು ವಯಸ್ಸಾದ ಮೇಲೆ ಅಭ್ಯಾಸ ಬದಲಿಸುವುದು ಕಷ್ಟ. ಬೋಲ್ಟು ಬಿಚ್ಚಲು ಒಮ್ಮೆ ಸ್ಪ್ಯಾನರ್ ತೆಗೆದೆ, ಗಿರಿಜಾ ಕಸಿದುಕೊಂಡು ಅಡುಗೆಮನೆಯಲ್ಲಿ ಬಚ್ಚಿಟ್ಟಳು. ದಿನಾ ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಸ್ವಲ್ಪ ಹೊತ್ತು ಹಾಡುತ್ತಾಳೆ. “ರೀ, ಮಣಿ ಹಚ್ಚ್ರಿ” ಎಂದು ಕೂಗುತ್ತಾಳೆ. ನೆರೆಯವರ ಭಯ ಬಿಟ್ಟು ದನಿ ಏರಿಸಿ ಹಚ್ಚುತ್ತೇನೆ. ಗಿಟಾರು ತನ್ನಿ ಎಂದು ಮಾತ್ರ ಇದುವರೆಗೆ ಕೂಗಿಲ್ಲ.