ತುಳಸಾಬಾಯಿಯ ತೋರುಬೆರಳು

ಹಿಮಾಯತ್‌ನಗರದ ತುಳಸಾಬಾಯಿಗೆ ಲ್ಯಾಪ್‌ಟಾಪ್ ಅಂದರೆ ಮೈಯೆಲ್ಲ ಉರಿ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಆ ತೆಲುಗು ನಾಡಿನಲ್ಲಿ ಬೆಳೆದು ಹೊರಗೆಲ್ಲ ತೆಲುಗು, ಹಿಂದಿ ಆಡುವ ಕನ್ನಡ ಮಕ್ಕಳಿಗೆ ಭಾನುವಾರ ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ. ಅವರಿಗೆ ಉಳಿದಿದ್ದ ಶಾಲೆ ಅದೊಂದೇ.

ಹಳೆಯ ಲ್ಯಾಪ್‌ಟಾಪ್ ಅಡ್ಡಾದಿಡ್ಡಿ ಆಡಿ ಕೊನೆಗೆ ಕೆಟ್ಟಾಗ ಮಗಳು ತನ್ನ ಮ್ಯಾಕ್ ಲ್ಯಾಪ್‌ಟಾಪ್ ಕೊಟ್ಟಳು. ಹಳೆಯದರಲ್ಲಿ ಟಚ್‌ಪ್ಯಾಡಿನ ಮೇಲೆ ಬೆರಳು ಕೆಳಕ್ಕೆಳೆದರೆ ಪುಟ ಮೇಲಕ್ಕೆ ಸರಿಯುತ್ತಿತ್ತು. ಇದರಲ್ಲಿ ಬೆರಳು ಹೋದತ್ತಲೇ ಪುಟ. ಇದೇ ಸಹಜ ಅಂದಳು ಮಗಳು. ಸಹಜವಂತೆ! ಕೈಗೆ ರೂಢಿಯಾದದ್ದಲ್ಲವೇ ಸಹಜ?

ಮಹಡಿಯ ಬಾಡಿಗೆದಾರ, ಮೈಸೂರಿನ ಋಷಭ್, ಪುಟ ಸರಿಯುವ ದಿಕ್ಕು ಬದಲಿಸಿದ, ವೇಗ ತಗ್ಗಿಸಿದ. ಆದರೂ ಪುಟ ಬದಲಿಸಿದಾಗಲೆಲ್ಲ ಪರದೆಯ ಮೇಲಿನ ಬಾಣ ಹುಚ್ಚೆದ್ದು ಹಾರಿ, ಎಲ್ಲೋ ಒತ್ತಿ, ಪಾಠವೇ ಮುಚ್ಚಿಹೋಗುತ್ತಿತ್ತು. ಕೊನೆಗೆ ಲಿನಕ್ಸ್ ಎಂಬ ಬೇರೆಯೇ ತಂತ್ರಾಂಶ ಹಾಕಿದ್ದ ತನ್ನದೇ ಲ್ಯಾಪ್‌ಟಾಪ್ ತಂದಿಟ್ಟ. ಅದರಲ್ಲೂ ಅದೇ ಗೋಳು. ತುಳಸಾಬಾಯಿ ಅವನನ್ನೇ ಬೈದು ಕಳಿಸಿದರು.

ಪಾಠ ಏರ್ಪಡಿಸುವ ಕನ್ನಡ ಸಂಘದ ಜನಾರ್ದನರಾಯರು ಫೋನಿನಲ್ಲಿ ಮೆತ್ತಗೆ ಹೇಳಿದರು, "ಅಕ್ಕೋರ, ಈ ಐತವಾರಾನೂ ಹಿಂಗ ಆದ್ರ ಪಾಠ ನಮ್ಮ ವರ್ಷಾನ ಕೈಗೆ ಒಪ್ಪಸೋಣ್ರಿ." ವರ್ಷಾ ಎಂದರೆ ತುಳಸಾಬಾಯಿಯೇ ಅಕ್ಷರ ತಿದ್ದಿಸಿದ ಹುಡುಗಿ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಊರೆಲ್ಲ ನಗುತ್ತದೆಂದು ತುಳಸಾಬಾಯಿಗೆ ಅಳುವೇ ಬಂತು.

ಶನಿವಾರ ಕ್ಯಾಮೆರಾ ಹಾಕಿಕೊಂಡು ಒಬ್ಬರೇ ಅಭ್ಯಾಸಕ್ಕೆ ಕೂತರು. ಪರದೆಯ ಮೂಲೆಯಲ್ಲಿ ತಮ್ಮದೇ ಮುಖ. ಪುಟ ಮುಗಿಯಿತು. ಮೂಲೆಯ ತುಳಸಾಬಾಯಿ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಹಾಳೆ ತಿರುವುವ ಹಳೆಯ ಚಾಳಿ! ಒದ್ದೆ ಬೆರಳು ತಾಗಿದರೆ ಯಾವ ಲ್ಯಾಪ್‌ಟಾಪಿಗೂ ದಿಕ್ಕು ತಪ್ಪುತ್ತಿತ್ತು. ಪುಸ್ತಕಕ್ಕೆ ಎಂಜಲು ಹಚ್ಚಬೇಡಿ ಎಂದು ಮಕ್ಕಳ ಕೈಗೆ ಬಾರಿಸಿದವರು ಇವರೇ. ಬೆರಳು ಒರೆಸಿಕೊಂಡರು, ಪುಟ ನೆಟ್ಟಗೆ ಸರಿಯಿತು. ಮುಂದಿನ ಪುಟಕ್ಕೆ ಕೈ ಮತ್ತೆ ಬಾಯಿಗೇ ಹೋಯಿತು. ತಮ್ಮ ಕೈಯ ಮೇಲೆ ತಮಗೇ ರೇಗಿತು.

ಭಾನುವಾರ ಬೆಳಿಗ್ಗೆ, ಮಗಳು ಚಿಕ್ಕವಳಿದ್ದಾಗ ಬೆರಳು ಚೀಪುವುದು ಬಿಡಿಸಿದ ಮದ್ದನ್ನೇ ಮಾಡಿದರು. ಬೇವಿನೆಲೆ ಅರೆದು ತೋರುಬೆರಳಿಗೆ ಹಚ್ಚಿ, ಒಣಗಿಸಿಕೊಂಡು ಪಾಠಕ್ಕೆ ಕೂತರು. ಮೊದಲ ಪುಟಕ್ಕೇ ಬಾಯೆಲ್ಲ ಕಹಿ. ಆಮೇಲೆ ಕೈ ಗದ್ದದವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಪಾಠ ಒಮ್ಮೆಯೂ ಮುಚ್ಚಲಿಲ್ಲ.

ಸಂಜೆ ಜನಾರ್ದನರಾಯರ ಫೋನು: ಪಾಠ ಭಾಳ ಚಲೋ ಆಯಿತು, ಇನ್ನು ಮುಂದೆಯೂ ನೀವೇ ನಡೆಸಿ; ಆದರೆ ಮುಖ ಯಾಕೆ ಅಷ್ಟು ಸಿಂಡರಿಸಿದ್ದಿರಿ?

"ಒಬ್ಬಾಕಿ ದಡ್ಡಿ ಅದಾಳ್ರಿ ಕ್ಲಾಸಿನಾಗ," ಎಂದರು ತುಳಸಾಬಾಯಿ. "ಬೆರಳು ಬಾಯಾಗ ಇಡಬ್ಯಾಡ ಅಂದ್ರ ಕೇಳಂಗಿಲ್ಲ. ಆಕೀನ್ನ ತಿದ್ದಾಕತ್ತೀನಿ."