ಪುಟ್ಟಕ್ಕನ ಮೆಷಿನ್ನು ಮತ್ತು ಕೊಸರು

ಪುಟ್ಟಕ್ಕನ ಹೆಸರಿನಲ್ಲಿ ಮಾತ್ರ ಪುಟ್ಟ ಇತ್ತು. ಆಳು ಎತ್ತರ, ದನಿ ಎತ್ತರ, ಎಲ್ಲಕ್ಕಿಂತ ಮಿಗಿಲಾಗಿ ಬಲಗೈಯ ಹಿಡಿ ದೊಡ್ಡದು. ಹೊಳವನಹಳ್ಳಿಯ ಸಂತೆಯಲ್ಲಿ ಹುರಿದ ಕಡಲೆಬೀಜದ ಕುಕ್ಕೆ ಇಟ್ಟುಕೊಂಡು ಕೂರುತ್ತಿದ್ದ ಕಾಲದಿಂದಲೂ ಆ ಹಿಡಿಗೆ ಹೆಸರಿತ್ತು. ಪಾವಿನಲ್ಲಿ ಅಳೆದು ಗಿರಾಕಿಯ ಚೀಲಕ್ಕೆ ಸುರಿದ ಮೇಲೆ ಅಳತೆಯ ಲೆಕ್ಕಕ್ಕೆ ಸೇರದಂತೆ ಒಂದು ಹಿಡಿ ಕೊಸರು ಹಾಕುವಳು. ಕೊಸರನ್ನು ಎಲ್ಲ ವ್ಯಾಪಾರಿಗಳೂ ಹಾಕುತ್ತಾರೆ, ನಾಲ್ಕು ಕಾಳು ಉದುರಿಸಿ ಕೈ ಝಾಡಿಸುತ್ತಾರೆ. ಪುಟ್ಟಕ್ಕನ ಹಿಡಿ ಬಿತ್ತೆಂದರೆ ಪಾವು ಒಂದೂಕಾಲು ಪಾವಾಗುತ್ತಿತ್ತು. "ನಿಂಗೆ ಯಾಪಾರ ಗೊತ್ತಿಲ್ಲ ಕಣಮ್ಮಿ" ಎಂದು ಪಕ್ಕದ ಬೆಲ್ಲದವನು ಬೈದರೆ, "ಗೊತ್ತಿಲ್ದೆಯೇ ಇಬ್ರು ಮಕ್ಳ ಮದ್ವೆ ಮಾಡಿವ್ನಿ, ಗೊತ್ತಿದ್ದಿದ್ರೆ ಇನ್ನೇನಾಯ್ತಿತ್ತೋ" ಎಂದು ನಗುವಳು.

ನಾನು ಅವಳನ್ನು ಕಂಡದ್ದು ಮಧುಗಿರಿಯಲ್ಲಿ. ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸಿಗಿಂತ ಆನ್‌ಲೈನ್ ಅರ್ಜಿಗಳದ್ದೇ ಕೆಲಸ ಹೆಚ್ಚು. ನನ್ನ ಜಗಲಿಯ ನೆರಳಿಗೆ ಬಂದು ಕುಕ್ಕೆ ಇಟ್ಟವಳು, "ಇಲ್ಲಿ ಕೂತ್ಕಂಡ್ರೆ ನಿನಗೇನಾರ ತೊಂದ್ರೆ ಆಯ್ತದಾ ತಮ್ಮಯ್ಯ?" ಎಂದು ಕೇಳಿದಳು. ಕೇಳುವ ಹೊತ್ತಿಗೆ ಆಗಲೇ ಕೂತಿದ್ದಳು. ಅಂದಿನಿಂದ ನನ್ನ ಅಂಗಡಿಯ ಗುರುತೇ ಬದಲಾಯಿತು. ಜನ ಫೋನಿನಲ್ಲಿ "ಕಡ್ಲೆಬೀಜದ ಪುಟ್ಟಕ್ಕನ ಹಿಂದುಗಡೆ ಅಂಗಡಿ" ಎಂದು ಹೇಳತೊಡಗಿದರು. ಬೋರ್ಡಿಗೆ ನಾನು ಸುರಿದ ದುಡ್ಡೆಲ್ಲ ದಂಡವಾಯಿತು.

ಹೀಗಿರುವಾಗ ಅವಳ ಮಂಡಿ ಕೈಕೊಟ್ಟಿತು. ತುಮಕೂರಿನ ಆಸ್ಪತ್ರೆಗೆ ಹೋಗಿ ಬಂದವಳು ಔಷಧಿಯ ಮಾತೇ ಆಡಲಿಲ್ಲ. ಅಲ್ಲಿ ಕಂಡ ಬೀರುವಿನ ಮಾತೊಂದೇ.

"ಗಾಜಿನ ಬೀರು ಕಣ್ಲಾ. ಒಳೀಕೆ ಚಿಪ್ಸು, ಬಿಸ್ಕತ್ತು ಜೋಡ್ಸವ್ರೆ. ಮೊಬೈಲು ತೋರುಸ್ತು ಒಂದ್ ಹುಡ್ಗಿ, ಧೊಪ್ ಅಂತ ಬಿತ್ತು. ಡಾಕ್ಟ್ರು ನನ್ನ ನೆಲದ್ ಮ್ಯಾಲೆ ಕೂರ್ಬೇಡ ಅಂದವ್ರೆ. ಆ ಬೀರು ನಿಂತ್ಕಂಡೇ ಮಾರ್ತದೆ. ಅಂಥದ್ದೊಂದು ತರ್ಸು ಅತ್ಲಾಗೆ."

ಒಂದು ಲೋಟ ಕಾಫಿ ತರಿಸುವಷ್ಟು ಸಲೀಸಾಗಿ ಹೇಳಿದಳು. ನಾನು ನಕ್ಕು ಮರೆತೆ, ಅವಳು ಮರೆಯಲಿಲ್ಲ. ಸಿರಾದಲ್ಲಿ ಫ್ರಿಜ್ಜು ರಿಪೇರಿ ಮಾಡುವ ಬಾಬು ಸಾಬರನ್ನು ಹಿಡಿದಳು. ಅವರು ಯಾವುದೋ ಕಾರ್ಖಾನೆಯಿಂದ ಗುಜರಿಗೆ ಬಂದ ಮೆಷಿನ್ನೊಂದನ್ನು ಹುಡುಕಿ, ಬಿಚ್ಚಿ, ಜೋಡಿಸಿ, ಲಗೇಜ್ ಆಟೋದಲ್ಲಿ ತಂದು ನನ್ನ ಜಗಲಿಯ ಮೇಲೆ ನಿಲ್ಲಿಸಿದರು. ಒಳಗೆ ತಂತಿಯ ಸುರುಳಿಗಳ ಸಾಲು. ದುಡ್ಡು ಬಂದರೆ ಸುರುಳಿ ತಿರುಗಿ ಪೊಟ್ಟಣವನ್ನು ಕೆಳಗೆ ತಳ್ಳುತ್ತದೆ. "ಫಿಕರ್ ಬ್ಯಾಡ ಅಮ್ಮಾ, ನಿಮ್ ಕಡ್ಲೆಬೀಜಾನ ರಾಜಾ ಥರ ಇಳಿಸ್ತದೆ" ಎಂದರು ಬಾಬು ಸಾಬರು.

ಕುಕ್ಕೆ ಇದ್ದಾಗ ಪುಟ್ಟಕ್ಕನನ್ನು ಯಾರೂ ಏನೂ ಕೇಳಿರಲಿಲ್ಲ. ಬೀರು ಬಂದದ್ದೇ ತಡ, ಸರ್ಕಾರದ ಕಣ್ಣಿಗೆ ಅವಳು ಬಿದ್ದಳು. ಪುರಸಭೆಯ ಉದ್ದಿಮೆ ಪರವಾನಗಿ ಬೇಕು. ಆಹಾರ ಸುರಕ್ಷತೆಯವರ ನೋಂದಣಿ ಬೇಕು, ಅದರ ನಂಬರು ಮೆಷಿನ್ನಿನ ಮೇಲೆ ಕಾಣುವಂತೆ ಇರಬೇಕು. ಜಾಗದ ಮಾಲೀಕನ ಒಪ್ಪಿಗೆ ಬೇಕು. ಅದನ್ನು ನಾನೇ ಬರೆದುಕೊಟ್ಟೆ. ಇನ್ನು ಪ್ರತಿ ಪೊಟ್ಟಣದ ಮೇಲೂ ಒಳಗೇನಿದೆ, ತೂಕವೆಷ್ಟು, ಬೆಲೆಯೆಷ್ಟು, ಎಂದು ಕಟ್ಟಿದ್ದು, ಯಾರು ಕಟ್ಟಿದ್ದು, ದೂರಿದ್ದರೆ ಯಾರನ್ನು ಕೇಳಬೇಕು ಎಲ್ಲವೂ ಅಚ್ಚಾಗಿರಬೇಕು. ಇದನ್ನೆಲ್ಲ ಓದಿ ಹೇಳಿದಾಗ ಪುಟ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮಪ್ಪ ನನ್ನ ಕೊಡಾವಾಗ ಗಂಡಿನ ಕಡೇರ್ನೂ ಇಷ್ಟು ಇಚಾರುಸ್ಲಿಲ್ಲ" ಎಂದಳು.

ಸ್ಥಳ ಪರಿಶೀಲನೆಗೆ ಪುರಸಭೆಯವರೊಬ್ಬರು ಟೇಪು ಹಿಡಿದು ಬಂದರು. ಪಾಪ, ಅವರಿಗೂ ಇಂಥದ್ದು ಮೊದಲು.

"ಅಂಗಡಿ ಎಲ್ಲಮ್ಮಾ?"

"ನಿಮ್ಮ ಮುಂದೇನೇ ನಿಂತೈತಲ್ಲ ಸ್ವಾಮಿ."

"ಇದಾ? ಒಳಗೆ ಗಾಳಿ ಬೆಳಕು ನೋಡ್ಬೇಕಲ್ಲ. ಬಾಗಿಲು?"

ಪುಟ್ಟಕ್ಕ ಸೊಂಟದ ಬೀಗದ ಕೈ ತೆಗೆದು ಗಾಜಿನ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತಳು. "ಬನ್ನಿ, ತಲೆ ಬಗ್ಗುಸ್ಕಂಡು ಬನ್ನಿ" ಎಂದಳು. ಅವರು ಒಂದು ಗಳಿಗೆ ನಿಜಕ್ಕೂ ಬಗ್ಗಿದರು. ಆಮೇಲೆ ನಗು ತಡೆಯಲಾರದೆ ನನ್ನ ಕುರ್ಚಿಯ ಮೇಲೆ ಬಂದು ಕೂತು, ಟೇಪು ಸುತ್ತಿಕೊಂಡು, ನೀರು ಕುಡಿದು ಹೋದರು. ಪರವಾನಗಿ ಬಂತು.

ಮೊದಲ ದಿನ ಪೂಜೆ. ಪುಟ್ಟಕ್ಕನ ಮನೆಯವರು ಶಿವನ ಒಕ್ಕಲು. ಹಸುವಿಗಾಗಲಿ ಮಿಕ್ಸಿಗಾಗಲಿ ವಿಭೂತಿ ಬಳಿಯದೆ ಕೆಲಸಕ್ಕೆ ಹಚ್ಚುವವರಲ್ಲ. ಅವಳು ಮೆಷಿನ್ನನ್ನು ಮೇಲಿಂದ ಕೆಳಗೆ ನೋಡಿ, ಹಣೆಯಂತೆ ಕಂಡ ಜಾಗದಲ್ಲಿ ಮೂರು ಬೆರಳು ತುಂಬ ವಿಭೂತಿ ಎಳೆದಳು. ಅದು ಮೊಬೈಲ್ ಹಿಡಿದು ದುಡ್ಡು ಕಟ್ಟುವ ಚೌಕದ ಗುರುತು. ಊರಿನ ಅರ್ಧ ಫೋನುಗಳು ಅದರ ಮುಂದೆ ಸೋತವು. ಫೋನಿನಲ್ಲಿ ಎಷ್ಟು ಕೇಳಿದರೂ ಬಾಬು ಸಾಬರಿಗೆ ಕಾಯಿಲೆ ತಿಳಿಯಲಿಲ್ಲ. ಸಿರಾದಿಂದ ಬಸ್ಸು ಹಿಡಿದು ಬಂದು, ನೋಡಿ, ಕರವಸ್ತ್ರಕ್ಕೆ ಕೈ ಹಾಕಿದವರು ಹಾಗೇ ನಿಂತರು. "ಅಮ್ಮಾ, ನಾನು ಒರೆಸೋದು ಸರಿ ಅಲ್ಲ. ನೀವೇ ಒಸಿ ಮ್ಯಾಲಕ್ಕೆ ಹಚ್ಕೊಳ್ಳಿ" ಎಂದರು. ಹಣೆ ಒಂದು ಗೇಣು ಮೇಲೆ ಹೋಯಿತು, ವ್ಯಾಪಾರ ಶುರುವಾಯಿತು.

ವ್ಯಾಪಾರವೇನೋ ಚೆನ್ನಾಗಿ ನಡೆಯಿತು, ಪುಟ್ಟಕ್ಕನ ಮುಖ ಮಾತ್ರ ದಿನದಿನಕ್ಕೆ ಬಾಡಿತು. ಪೊಟ್ಟಣ ಬಿದ್ದ ಮೇಲೂ ಹಳೆಯ ಗಿರಾಕಿಗಳು ಅಲ್ಲೇ ನಿಂತು ಅವಳ ಕಡೆ ನೋಡುತ್ತಿದ್ದರು. ಕೊಳಾಲದ ಕಡೆಯ ಯಜಮಾನರೊಬ್ಬರು ಮೆಷಿನ್ನಿನ ಬಾಯಿಗೆ ಇನ್ನೊಮ್ಮೆ ಕೈ ಹಾಕಿ ತಡಕಿ, ಬರಿಗೈ ತೆಗೆದು, ಏನೂ ಅನ್ನದೆ ಬಸ್ಸು ಹತ್ತಿದರು. ಪುಟ್ಟಕ್ಕನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಬೈದಿದ್ರೂ ಆಗಿತ್ತು ತಮ್ಮಯ್ಯ. ಅವರು ಸುಮ್ಕೆ ಹೋಗ್ಬುಟ್ರು. ನನ್ನ ಬಾಗ್ಲಿಂದ ಜನ ಅಂಗೆ ಹೋಗ್ಬಾರ್ದು."

ಮತ್ತೆ ಬಾಬು ಸಾಬರಿಗೆ ಕರೆ ಹೋಯಿತು. ಮೆಷಿನ್ನಿಗೆ ಕೊಸರು ಕೊಡಲು ಕಲಿಸಬೇಕು ಎಂಬುದು ಬೇಡಿಕೆ. ಅವರು ಒಂದು ಮಧ್ಯಾಹ್ನವಿಡೀ ತಂತಿಗಳ ಜೊತೆ ಗುದ್ದಾಡಿ ಅದನ್ನೂ ಸಾಧಿಸಿದರು. ಮೇಲಿನ ಸಾಲಿನಿಂದ ಪೊಟ್ಟಣ ಬಿದ್ದ ಹಿಂದೆಯೇ ಕೆಳಗಿನ ಸಾಲಿನ ಸುರುಳಿ ತಾನಾಗಿ ತಿರುಗಿ, ಹಳೇ ಪೇಪರಿನಲ್ಲಿ ಸುತ್ತಿದ ಸಣ್ಣದೊಂದು ಪೊಟ್ಟಣ 'ಟಪ್' ಎಂದು ಬೀಳುತ್ತಿತ್ತು. ಆ ಎರಡನೇ ಸದ್ದು ಕೇಳಲೆಂದೇ ಜನ ಕೊಳ್ಳುತ್ತಿದ್ದರು. ಬಸ್ಸಿನ ಕಂಡಕ್ಟರುಗಳು ಪ್ರಯಾಣಿಕರನ್ನು ಕರೆತಂದು ತೋರಿಸುತ್ತಿದ್ದರು. ಪುಟ್ಟಕ್ಕ ನನ್ನ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಒಂದೊಂದು 'ಟಪ್' ಬಿದ್ದಾಗಲೂ ತಲೆದೂಗುತ್ತಿದ್ದಳು. ನನ್ನ ಕೆಲಸ ಕೆಟ್ಟಿತಾದರೂ ಅಷ್ಟು ಸಂತೋಷದ ದಿನಗಳು ಆ ಜಗಲಿಗೆ ಮತ್ತೆ ಬರಲಿಲ್ಲ.

ಆಗ ಬಂದವರು ಆಹಾರ ಸುರಕ್ಷತೆಯ ಅಧಿಕಾರಿ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆಲುಮಾತು. ದುಡ್ಡು ಕಟ್ಟಿ ಒಂದು ಪೊಟ್ಟಣ ಕೊಂಡರು, ಚೀಟಿ ಓದಿದರು, ಎಲ್ಲ ಸರಿಯಿದೆ ಎಂದರು. ಅಷ್ಟರಲ್ಲಿ 'ಟಪ್' ಎಂದಿತು. ಅವರು ಅದನ್ನೂ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಮ್ಮಾ, ಇದೇನು?"

"ಕೊಸರು ಕಣವ್ವ. ತಿನ್ನು."

"ಇದರ ಮೇಲೆ ಚೀಟಿ ಇಲ್ವಲ್ಲ. ಅದೂ ಅಲ್ದೆ ಹಳೇ ಪೇಪರಿನಲ್ಲಿ ತಿನ್ನೋ ಪದಾರ್ಥ ಸುತ್ತೋ ಹಾಗಿಲ್ಲಮ್ಮ. ಶಾಯಿ ಹತ್ತುತ್ತೆ, ಹೊಟ್ಟೆಗೆ ಒಳ್ಳೇದಲ್ಲ. ಮೆಷಿನ್ನಿಂದ ಏನು ಬಿದ್ದರೂ ಅದರ ಮೇಲೆ ಎಲ್ಲ ವಿವರ ಇರ್ಲೇಬೇಕು. ಇದನ್ನ ನಿಲ್ಲಿಸದಿದ್ರೆ ನಾನು ನೋಂದಣಿ ರದ್ದು ಮಾಡಬೇಕಾಗುತ್ತೆ."

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಪೇಪರಿನ ವಿಷಯ ಕೇಳಿ ಪುಟ್ಟಕ್ಕ ಹೌಹಾರಿದಳು. ತನ್ನ ಕೈಯಿಂದ ಯಾರ ಹೊಟ್ಟೆ ಕೆಟ್ಟಿತೋ ಎಂದು ಅಲ್ಲೇ ಲೆಕ್ಕ ಹಾಕತೊಡಗಿದಳು. ಆ ಸಾಲನ್ನು ಕೂಡಲೇ ಖಾಲಿ ಮಾಡಿದಳು. ಒಳ್ಳೆಯ ಕವರು ತಂದು ಚೀಟಿ ಅಂಟಿಸಿದರಾಯಿತು ಎಂದು ನಾನು ಸಮಾಧಾನ ಹೇಳಿದೆ.

"ಚೀಟೀಲಿ ಬೆಲೆ ಏನಂತ ಬರೀತೀಯ?" ಎಂದು ಕೇಳಿದಳು.

ಅದಕ್ಕೆ ಅಧಿಕಾರಿಯೇ, "ಅದೆಲ್ಲ ಯಾಕಮ್ಮ, ಆ ಕಾಳನ್ನ ದೊಡ್ಡ ಪೊಟ್ಟಣಕ್ಕೇ ಸೇರಿಸ್ಬಿಡಿ. ತೂಕ ಜಾಸ್ತಿ ಇದ್ರೆ ಯಾರೂ ಬೇಡ ಅನ್ನಲ್ಲ" ಎಂದರು.

"ಒಳೀಕೆ ಹಾಕುದ್ರೆ ಅದೂ ತೂಕವೇ ಆಗೋಯ್ತದೆ ಕಣವ್ವ. ಕೊಸರು ಅಂದ್ರೆ ಕಣ್ಣಿಗೆ ಕಾಣಂಗೆ ಕೊಡ್ಬೇಕು. ಇಲ್ಲಾಂದ್ರೆ ಕೊಟ್ಟಿದ್ದು ಅವರ್ಗೆಂಗೆ ಗೊತ್ತಾಯ್ತದೆ?"

ಅಂದು ಮೆಷಿನ್ನಿಗೆ ಬೀಗ ಹಾಕಿ ಹೋದವಳು ವಾರವಾದರೂ ಬರಲಿಲ್ಲ. ಬಾಬು ಸಾಬರು ಎರಡು ಸಲ ಬಂದು ವಿಚಾರಿಸಿ ಹೋದರು. ಕೊಸರು ಬಿಟ್ಟು ಮಾರಲು ಅವಳಿಗೆ ಮನಸ್ಸಿಲ್ಲ, ಕುಕ್ಕೆ ಇಟ್ಟು ನೆಲಕ್ಕೆ ಕೂರಲು ಮಂಡಿ ಬಿಡುವುದಿಲ್ಲ. ಅವಳ ಅಂಗಡಿ ಮುಚ್ಚಿಯೇ ಹೋಯಿತೆಂದು ನಾನು ನಂಬಿದ್ದೆ.

ಎಂಟು ಹತ್ತು ದಿನದ ಮೇಲೆ ಪುಟ್ಟಕ್ಕ ಬಂದಳು, ಜೊತೆಗೊಂದು ಪ್ಲಾಸ್ಟಿಕ್ ಕುರ್ಚಿ. ತಾನಾಗಿ ಅಧಿಕಾರಿಯ ಕಚೇರಿ ಹುಡುಕಿಕೊಂಡು ಹೋಗಿ, ಕಣ್ಣಿಗೆ ಕಾಣುವಂತೆ ಕೊಡಲು ಏನು ದಾರಿ ಎಂದು ಕೇಳಿ ಬಂದಿದ್ದಳು. ಮೆಷಿನ್ನಿಂದ ಬೀಳುವುದಕ್ಕೆ ಚೀಟಿ ಬೇಕು. ಕೈಯಲ್ಲಿ ಬಿಡಿಯಾಗಿ ಕೊಡುವುದಾದರೆ ಮುಚ್ಚಳದ ಡಬ್ಬಿ, ತಲೆಗೆ ಟೋಪಿ, ಕಾಳು ಮುಟ್ಟದಂತೆ ಚಮಚ, ಆರೋಗ್ಯದ ಸರ್ಟಿಫಿಕೇಟು ಇದ್ದರೆ ಸಾಕು ಎಂದು ಆ ತಾಯಿ ಬಿಡಿಸಿ ಹೇಳಿ ಕಳಿಸಿದ್ದರು. ಪುಟ್ಟಕ್ಕ ಎಲ್ಲ ಮಾಡಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ನಾಲಿಗೆ, ಉಗುರು ತೋರಿಸಿ ಬಂದಳು. ಚಮಚದ ವಿಷಯದಲ್ಲಿ ಮಾತ್ರ ತನ್ನ ಬುದ್ಧಿ ತೋರಿಸಿದ್ದಳು. ಮದುವೆ ಮನೆಯಲ್ಲಿ ಸಾರು ಬಡಿಸುವ ಸೌಟು ತಂದಿದ್ದಳು.

ಮೆಷಿನ್ನಿನ ಪಕ್ಕ ಕುರ್ಚಿ ಹಾಕಿ, ಟೋಪಿ ಇಟ್ಟು, ಸೌಟು ಹಿಡಿದು ಕೂತ ಪುಟ್ಟಕ್ಕನನ್ನು ಕಂಡು ಮೊದಮೊದಲು ಜನ ನಗುತ್ತಿದ್ದರು, ಆಮೇಲೆ ಕೈ ಒಡ್ಡುತ್ತಿದ್ದರು. ಮುಂದಿನ ತಪಾಸಣೆಗೆ ಬಂದ ಅಧಿಕಾರಿ ಸೌಟಿನ ಗಾತ್ರ ನೋಡಿ ಏನೋ ಹೇಳಲು ಹೊರಟು, ಚಮಚಕ್ಕೆ ಇಂತಿಷ್ಟೇ ಅಳತೆ ಎಂದು ನಿಯಮವಿಲ್ಲವೆಂದು ನೆನಪಾಗಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡರು.

ಹಾಗೆ ಬಹಳ ದಿನ ನಡೆಯಿತು. ಹೋದ ವರ್ಷ ಪಾವಗಡದಲ್ಲಿ ನರ್ಸ್ ಆಗಿರುವ ಮಗಳಿಗೆ ಮಗುವಾಯಿತು. ಬಾಣಂತನಕ್ಕೆ ಹೋದ ಪುಟ್ಟಕ್ಕ ಅಲ್ಲೇ ನಿಲ್ಲುವುದೆಂದಾಯಿತು. ಜಾಗ ಬದಲಾದರೆ ಹಳೆಯ ಪರವಾನಗಿ ನಡೆಯುವುದಿಲ್ಲ. ಅಲ್ಲಿಗೆ ಹೊಸ ಅರ್ಜಿಗಳನ್ನು ನಾನೇ ಹಾಕಿಕೊಟ್ಟೆ. ಮೆಷಿನ್ ಸಾಗಿಸುವ ದಿನ ಬಾಬು ಸಾಬರು ಹಗ್ಗ ಬಿಗಿಯುತ್ತಿದ್ದರು. ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದ್ದ ಮಾತನ್ನು ಕೇಳಿಬಿಟ್ಟೆ.

"ಅಲ್ಲ ಪುಟ್ಟಕ್ಕ, ಕೂರೋದು ಬೇಡ ಅಂತ ಮೆಷಿನ್ ತಂದೆ. ತಂದ ಮೇಲೂ ದಿನಾ ಅದರ ಪಕ್ಕದಲ್ಲೇ ಕೂತೆ. ಏನು ಬಂತು ಇದರಿಂದ?"

ಅವಳು ಹಗ್ಗದ ಗಂಟು ಜಗ್ಗಿ ನೋಡುತ್ತ ಹೇಳಿದಳು: "ಗಿರಾಕಿ ಎದ್ರಿಗೆ ಅಳೆಯೋದು, ಕಾಸು ಇಸ್ಕಳದು, ಅವೆಲ್ಡು ನಂಗೆ ಯಾವತ್ತೂ ಸೇರ್ತಿರ್ಲಿಲ್ಲ ತಮ್ಮಯ್ಯ. ಹೊಟ್ಟೆಪಾಡು, ಮಾಡ್ತಿದ್ದೆ. ಈಗ ಅವೆಲ್ಡೂ ಅದು ಮಾಡ್ತದೆ. ಕೊಡೋದೊಂದೇ ನಂಗೆ ಉಳ್ಕಂಡಿರೋದು. ಅದಕ್ಕಿಂತ ಇನ್ನೇನ್ ಬರ್ಬೇಕು?"

ಲಗೇಜ್ ಆಟೋದಲ್ಲಿ ಡ್ರೈವರನ ಪಕ್ಕ ಕೂತು, ಸೌಟು ಮಡಿಲಲ್ಲಿಟ್ಟುಕೊಂಡು ಹೊರಟಳು. ನಾನು ಕೈ ಎತ್ತಿದೆ, ಅವಳು ತಿರುಗಿ ನೋಡಲಿಲ್ಲ. ಡ್ರೈವರನಿಗೆ ಏನೋ ಹೇಳಿ ನಗುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ. ಆಮೇಲೆ ಒಮ್ಮೆ ಫೋನು ಬಂತು. ಪಾವಗಡದಲ್ಲಿ ಮೊದಲ ದಿನವೇ ತೆಲುಗಿನ ಅಜ್ಜ ಒಬ್ಬ ಪೊಟ್ಟಣ ಎತ್ತಿಕೊಂಡು, "ಕೊಸರು ಏದಮ್ಮಾ?" ಎಂದು ಕೇಳಿ, ಎಲ್ಲಿ ಎಂಬಂತೆ ಕೈ ಒಡ್ಡಿದನಂತೆ. "ಅಲ್ಲೂ ಅದುನ್ನ ಕೊಸರು ಅಂತ್ಲೇ ಅಂಬ್ತಾರೆ ಕಣ್ಲಾ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು.

ನನ್ನ ಜಗಲಿಯಲ್ಲಿ ಈಗ ಬೇರೆಯವರ ತಂಪು ಪಾನೀಯದ ಮೆಷಿನ್ ಇದೆ. ಎಲ್ಲ ಕಾಗದಗಳೂ ಸರಿಯಾಗಿವೆ, ಎಲ್ಲ ಚೀಟಿಗಳೂ ಅದರದರ ಜಾಗದಲ್ಲಿವೆ, ಯಾರ ತಕರಾರೂ ಇಲ್ಲ. ಬಾಟಲಿ ಬೀಳುತ್ತದೆ, ಜನ ಎತ್ತಿಕೊಂಡು ಹೋಗುತ್ತಾರೆ. ಯಾರೂ ನಿಲ್ಲುವುದಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ನನಗೊಬ್ಬನಿಗೇ ಪಾವಗಡದ ಬಸ್ಸು ಹತ್ತಿಬಿಡೋಣ ಅನ್ನಿಸುತ್ತದೆ.