ನೀಲತ್ತಿ ಕಲಿಸಿದ ಮಾತು

ಬಜೆಬೇರು ತೇಯುವ ವಾಸನೆ ಎಲ್ಲಿಂದಲಾದರೂ ಬಂದರೆ ಸಾಕು, ಯಲಬುರ್ಗಾದ ನಮ್ಮ ಮಣ್ಣಿನ ಮಾಳಿಗೆಯ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನನ್ನ ತಮ್ಮ ಬಸಣ್ಣನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಓಣಿಯ ಹಿರಿಯರು ಹೇಳಿದಂತೆ ಅಪ್ಪ ದಿನಾ ಬೆಳಿಗ್ಗೆ ಬಜೆಯನ್ನು ಜೇನಿನಲ್ಲಿ ತೇಯ್ದು ಅವನ ನಾಲಿಗೆಗೆ ಸವರುತ್ತಿದ್ದ. ಅವನು ಮುಖ ಕಿವುಚಿ ಉಗುಳುತ್ತಿದ್ದ, ಅಷ್ಟೇ. ಅವನನ್ನು ಹೆತ್ತ ಹನ್ನೊಂದನೆಯ ದಿನ ಅವ್ವ ತೀರಿಕೊಂಡಿದ್ದಳು. ನಿಜಾಮರ ಕಾಲ ಅದು; ಕಚೇರಿಯಲ್ಲಿ ದಿನವಿಡೀ ಉರ್ದು ಕಾಗದ ಬರೆದು ಬರುತ್ತಿದ್ದ ಅಪ್ಪ ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಕೂಸು ನೋಡಿಕೊಳ್ಳಲು ಬರುತ್ತಿದ್ದ ಮುದುಕಿಗೆ ಕಿವಿ ಕೇಳುತ್ತಿರಲಿಲ್ಲ. ಎಂಟು ವರ್ಷದ ನಾನೂ ಸುಮ್ಮನಿರುವುದನ್ನು ಕಲಿತುಬಿಟ್ಟಿದ್ದೆ. ಸಾವು ಹೊಕ್ಕ ಮನೆಯ ಆ ಮೌನವನ್ನು ನೀವೂ ಬಲ್ಲವರಿರಬಹುದು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅಪ್ಪನ ಅಕ್ಕ, ನಮ್ಮ ನೀಲತ್ತಿ, ತಾವರಗೇರಾದಿಂದ ಬಂದಳು. ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿ ಬಾಗಿದ ಬೆನ್ನೆತ್ತದೆ ದುಡಿಯುತ್ತಿದ್ದವಳು. ಬಂದ ದಿನವೇ ಬಜೆಯ ಬಟ್ಟಲನ್ನು ಸರಿಸಿ, "ಕೂಸಿನ ಜೋಡಿ ಯಾರರ ಮಾತಾಡೀರೇನು? ಕೇಳದ ಮಾತು ಅದಕ್ಕ ಹೆಂಗ ಬರಬೇಕೋ?" ಎಂದು ಅಪ್ಪನನ್ನು ಕೇಳಿದಳು. ಅಂದಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ. ಜೋಳ ಹಸನು ಮಾಡುವಾಗ, ಎಮ್ಮೆಗೆ ನೀರು ತೋರಿಸುವಾಗ, ಅವನ ಮೈಗೆ ಎಣ್ಣೆ ತಿಕ್ಕುವಾಗ, ಮಾಡುತ್ತಿದ್ದುದನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಹೇಳಿ, ಅವನ ಮುಖ ನೋಡುತ್ತ ಕಾಯುತ್ತಿದ್ದಳು. ಅವನು ನೀರಿನ ಕೊಡ ತೋರಿಸಿದೊಡನೆ ನಾನು ತಂಬಿಗೆ ಎತ್ತಲು ಹೋದರೆ ಕೈ ಹಿಡಿಯುತ್ತಿದ್ದಳು: "ತಡಿ ನಮ್ಮವ್ವ. ಅವ್ನ ಬಾಯಾಗ ಮಾತು ಬರಾಕ ಹತ್ತೈತಿ. ನೀ ನಡುವ ಅವಸರ ಮಾಡಬ್ಯಾಡ."

ಒಂದು ಮುಂಜಾನೆ ಸಜ್ಜೆ ರೊಟ್ಟಿಯ ತುಂಡು ಮುಟ್ಟಿ ಬೆರಳು ಹಿಂತೆಗೆದವನು "ಬಿಚಿ" ಎಂದ. ನಾನು ನಕ್ಕುಬಿಟ್ಟೆ. ಅತ್ತಿ ನಗಲಿಲ್ಲ, ತಿದ್ದಲೂ ಇಲ್ಲ. "ಹೌದಪ್ಪ ನನ್ನ ರಾಜಾ, ಬಿಸಿ ಐತಿ, ಭಾಳ ಬಿಸಿ ಐತಿ," ಎಂದು ರೊಟ್ಟಿಯನ್ನು ಊದಿದಳು. ಒಲೆಯ ಬೆಳಕಿನಲ್ಲಿ ಅವಳ ಕೆನ್ನೆ ಒದ್ದೆಯಾಗಿದ್ದು ಕಂಡಿತು. ಮುಂದಿನ ಆರು ತಿಂಗಳಲ್ಲಿ ನಮ್ಮ ಮನೆ ಗುಬ್ಬಿಗೂಡಾಯಿತು. ಅವನು ಅವಳನ್ನು "ಅವ್ವಾ" ಎನ್ನತೊಡಗಿದ.

ಅದೇ ತಪ್ಪಾಯಿತು. ಅಪ್ಪ ಎರಡನೆಯ ಮದುವೆಯಾದ. ಕುಷ್ಟಗಿಯಿಂದ ಬಂದ ಶಾಂತವ್ವ ಇನ್ನೂ ಹದಿನೆಂಟರ ಹುಡುಗಿ. ಬಸಣ್ಣ ಅವಳತ್ತ ಹೋಗುತ್ತಿರಲಿಲ್ಲ. ಬಂಧುಗಳ ಮಾತು ಕೇಳಿ ಅಪ್ಪ, "ಅಕ್ಕಾ, ನೀ ಇರೋತನಕ ಅವ ಆಕಿನ್ನ ಅವ್ವ ಅನ್ನಂಗಿಲ್ಲ," ಎಂದ. ಬಸಣ್ಣ ಮಲಗಿದ್ದಾಗ, ಮಟಮಟ ಮಧ್ಯಾಹ್ನ, ಅತ್ತಿ ಎರಡು ಸೀರೆಯ ಗಂಟಿನೊಂದಿಗೆ ಬಂಡಿ ಹತ್ತಿದಳು.

ಎದ್ದವನು ಮೂಲೆ ಮೂಲೆ ಹುಡುಕಿದ. ಮೂರು ದಿನ ಅತ್ತ. ಆಮೇಲೆ ಮಾತು ನಿಲ್ಲಿಸಿದ. ಬಂದ ಮಾತೆಲ್ಲ ಬಂದ ದಾರಿಯಲ್ಲೇ ಹೋದಂತೆ, ಮತ್ತೆ ಬೆರಳು ತೋರಿಸತೊಡಗಿದ. ಎರಡು ತಿಂಗಳು ಇದನ್ನು ನೋಡಿದ ಶಾಂತವ್ವ, ನಮ್ಮ ಚಿಗವ್ವ, ಒಂದು ದಿನ ಅಪ್ಪನೆದುರು ನಿಂತು, "ಅಕ್ಕಾರ್ನ ಕರಕೊಂಡು ಬರ್ರಿ. ಅವ ಯಾರನ್ನ ಅವ್ವ ಅಂದ್ರ ಏನಾತ್ರಿ? ಮಾತಾಡಿದ್ರ ಸಾಕು," ಎಂದಳು.

ಮರುದಿನವೇ ಅಪ್ಪ ಬಂಡಿ ಕಟ್ಟಿಕೊಂಡು ತಾವರಗೇರಾಕ್ಕೆ ಹೋದ. ಮೂರನೆಯ ದಿನ ಒಬ್ಬನೇ ಬಂದ. ಜ್ವರ ಬಂದು ಅತ್ತಿ ತೀರಿಕೊಂಡು ಎಂಟು ದಿನವಾಗಿತ್ತಂತೆ. ಭಾವನ ಮನೆಯವರು ನಮಗೆ ಸುದ್ದಿ ಮುಟ್ಟಿಸಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕುಳಿತು, "ನಾನ ಕಳಿಸಿದೆ, ನಾನ ಕಳಿಸಿದೆ," ಎಂದು ಹಣೆ ಬಡಿದುಕೊಂಡ. ಚಿಗವ್ವ ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದಳು: "ಅಕ್ಕಾರು ಹೆಂಗ ಮಾತಾಡಿಸ್ತಿದ್ರವ್ವ? ನನಗ ಹೇಳಿಕೊಡು." ನಾನು ಅಳುತ್ತಲೇ ಹೇಳಿಕೊಟ್ಟೆ. ನಾವಿಬ್ಬರೂ ಹಗಲೆಲ್ಲ ಅವನೊಡನೆ ಮಾತಾಡಿದೆವು, ಕಾಯ್ದೆವು. ಮಳೆಗಾಲ ಕಳೆಯುವಷ್ಟರಲ್ಲಿ ಅವನಿಗೆ ಮಾತು ಮರಳಿತು. ಈ ಸಲ ಅವ್ವ ಎಂದದ್ದು ಚಿಗವ್ವನನ್ನು.

ಬಸಣ್ಣ ಮುಂದೆ ಸಾಲಿ ಮಾಸ್ತರನಾದ, ದೊಡ್ಡ ಮಾತುಗಾರನಾದ. ಮೊನ್ನೆ, ಇಬ್ಬರೂ ಮುದುಕರಾದ ಮೇಲೆ, ಇದನ್ನೆಲ್ಲ ಅವನಿಗೆ ಹೇಳಿದೆ. "ನನಗೇನೂ ನೆನಪಿಲ್ಲಕ್ಕಾ. ಅತ್ತಿ ಮುಖಾನೂ ಇಲ್ಲ. ಆಕಿ ದನಿ ಹೆಂಗಿತ್ತು?" ಎಂದು ಕೇಳಿದ. ಹೇಳಲು ಬಾಯಿ ತೆರೆದೆ. ಅವಳಾಡಿದ ಒಂದೊಂದು ಮಾತೂ ನನಗೆ ನೆನಪಿತ್ತು. ದನಿ ಮಾತ್ರ, ಎಷ್ಟು ಹುಡುಕಿದರೂ, ಸಿಗಲಿಲ್ಲ.